ಗಿಡಾ ಹೆಚ್ಚಾಗ್ಯಾವ

ನಮ್ಮ ಕಡೆ ಡಬ್ಬಿಯಲ್ಲಿ ಅಕ್ಕಿ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ಬಳೆ ಒಡೆಯುವುದಿಲ್ಲ, ಅದೂ ಹೆಚ್ಚಾಗುತ್ತದೆ. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಮನೆಯಿಂದ ಹೊರಟವರು 'ಹೋಗ್ತೀನಿ' ಎಂದರೆ ಬೈಸಿಕೊಳ್ಳುತ್ತಾರೆ, 'ಬರ್ತೀನಿ' ಎಂದೇ ಹೊಸ್ತಿಲು ದಾಟಬೇಕು. ಕೆಟ್ಟ ಮಾತು ಬಾಯಿಂದ ಬಿದ್ದರೆ ಮೇಲೆ ಅಡ್ಡಾಡುವ ದೇವತೆಗಳು ಯಾವ ಗಳಿಗೆಯಲ್ಲಿ ತಥಾಸ್ತು ಎಂದುಬಿಡುತ್ತಾರೋ, ಯಾರಿಗೆ ಗೊತ್ತು! ಇದೇನೂ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಇಲ್ಲಿಂದ ಆಚೆ ಮರಾಠಿ ಸೀಮೆಯ ತನಕ ಹೆಂಗಸರೆಲ್ಲ ಹೀಗೆಯೇ ಮಾತಾಡುತ್ತಾರೆ. ಆದರೆ ನನ್ನ ಅತ್ತೆ ಆ ಮಾತನ್ನು ಗಿಡಗಳ ತನಕ ಎಳೆದರು. ಅವರ ಹಿತ್ತಲಲ್ಲಿ ಯಾವ ಗಿಡವೂ ಯಾವತ್ತೂ ಸತ್ತಿಲ್ಲ. ಎಲ್ಲವೂ ಹೆಚ್ಚಾದವು.

ಆ ಒಂದು ಮಾತಿನಿಂದಲೇ ನಾವು ಕೆಟ್ಟೆವು. ಅದು ಹೇಗೆಂದು ಹೇಳಬೇಕಾದರೆ ಟಿವಿಯಿಂದ ಶುರು ಮಾಡಬೇಕು.

ನಾನು ಬಸವಕಲ್ಯಾಣದ ಹುಡುಗಿ, ಹುಮನಾಬಾದಿಗೆ ಸೊಸೆಯಾಗಿ ಬಂದವಳು. ಮನೆ ಊರಿನ ತುದಿಯಲ್ಲಿ, ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯ ಬದಿಗೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯ ಬಾಯಲ್ಲಿ ಮಾತ್ರ ಅವರು 'ಬರ್ತೀನಿ ಅಂದು ಹೋದವರು'. ಮುಂದೆ ಎರಡು ಕೋಣೆ, ಹಿಂದೆ ಅಗಲವಾದ ಹಿತ್ತಲು, ಅದರ ನಡುವೆ ಕಲ್ಲಿನ ಬಾವಿ. ಓಣಿಯ ಹೆಂಗಸರು ಬೆಳಗಾದರೆ ಕೊಡ ಹಿಡಿದು ಪಕ್ಕದ ಸಂದಿಯಿಂದ ನೇರ ಬಾವಿಗೇ ಬರುತ್ತಿದ್ದರು, ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಹೊಸದರಲ್ಲಿ ನನಗೆ ಇದು ದೊಡ್ಡ ಕಿರಿಕಿರಿ. ತಲೆ ಬಾಚದೆ ಹಿತ್ತಲಿಗೆ ಇಳಿದರೆ ಎಲ್ಲರ ಕಣ್ಣೂ ನನ್ನ ಮೇಲೆ. "ಇದೇನು ಮನಿಯೋ, ಬಸ್ ಸ್ಟ್ಯಾಂಡೋ?" ಎಂದು ಒಮ್ಮೆ ಗೊಣಗಿದ್ದು ಅತ್ತೆಯ ಕಿವಿಗೆ ಬಿತ್ತು.

"ಬಾವಿ ಇದ್ದ ಮನಿಗಿ ಬಾಗಲಾ ಇರಂಗಿಲ್ಲವಾ. ರೂಢಿ ಮಾಡ್ಕೊ," ಎಂದರು. ಮಾಡಿಕೊಂಡೆ.

ನಮ್ಮವರಿಗೆ ಬಸವಕಲ್ಯಾಣದಲ್ಲಿ ಮದುವೆ ವಿಡಿಯೊ ತೆಗೆಯುವ ಅಂಗಡಿ. ದಿನಾ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ಮದುವೆ ದಿನಗಳು ಮುಗಿದರೆ ಕ್ಯಾಮೆರಾ ಗೂಟಕ್ಕೆ. ಅದೇ ಊರಲ್ಲಿ ಒಬ್ಬರು ಕೇಬಲ್ ಚಾನೆಲ್ ನಡೆಸುತ್ತಿದ್ದರು. ಎರಡೂ ಊರಿಗೆ, ನಡುವಿನ ಹಳ್ಳಿಗಳಿಗೆ ಅವರದೇ ತಂತಿ. ಸಿನಿಮಾ ಹಾಡು, ಸೀರೆ ಅಂಗಡಿಯ ಜಾಹೀರಾತು, ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೊ, ಇಷ್ಟೇ ಅವರ ಸರಕು. ಭಾನುವಾರ ಬೆಳಿಗ್ಗೆ ತೋರಿಸಲು ಏನೂ ಇರಲಿಲ್ಲ. ನಮ್ಮವರು ಹೋಗಿ, "ನಮ್ಮವ್ವ ಗಿಡದ ಬಗ್ಗೆ ಹೇಳ್ತಾಳ್ರಿ," ಎಂದರಂತೆ. ಆತ ಹೊಟ್ಟೆ ಹಿಡಿದು ನಕ್ಕು, "ಹಿತ್ತಲ ಗಿಡ ಮದ್ದಲ್ಲ ಅಂತಾರ, ನೀ ಹಿತ್ತಲಾನ ಟಿವಿಗಿ ತರ್ತಿಯೇನಪಾ?" ಎಂದರಂತೆ. ಹೆಸರು ಅಲ್ಲೇ ಸಿಕ್ಕಿತು. ಕಾರ್ಯಕ್ರಮಕ್ಕೆ 'ಹಿತ್ತಲ' ಎಂದೇ ಇಟ್ಟರು.

ಮೊದಲ ದಿನದ ಫಜೀತಿ ಕೇಳಬೇಡಿ. ಅತ್ತೆ ರೇಷ್ಮೆ ಸೀರೆ ಉಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡು ಕರಿಬೇವಿನ ಗಿಡದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಮ್ಮವರು ಮದುವೆಗೆ ಬಳಸುವ ದೊಡ್ಡ ದೀಪ ಹಚ್ಚಿದರು. ಆ ಬೆಳಕು ಮುಖಕ್ಕೆ ಬಿದ್ದದ್ದೇ ಅತ್ತೆಯ ಬಾಯಿ ಕಟ್ಟಿತು. ಹಸೆಮಣೆ ಮೇಲಿನ ಮದುಮಗಳ ಹಾಗೆ ನೆಲ ನೋಡುತ್ತ ಕೂತುಬಿಟ್ಟರು. ನಮ್ಮವರು ಕೈಸನ್ನೆ ಮಾಡಿ ಮಾಡಿ ಸೋತರು. ಮೈಕು ಹಿಡಿದು ನಿಂತಿದ್ದ ನನಗೆ ತಡೆಯಲಾಗದೆ ಕ್ಯಾಮೆರಾದ ಹಿಂದಿನಿಂದ ಕೇಳಿದೆ, "ಅತ್ತೀ, ಈ ಕರಿಬೇವು ಯಾಕ ಹಳದಿ ಆಗ್ಯಾದ್ರಿ?"

ಅತ್ತೆ ಗಕ್ಕನೆ ತಲೆ ಎತ್ತಿದರು. "ಯಾಕ ಅಂತ ನನ್ನ ಕೇಳ್ತಿಯೇನ? ಹುಳಿ ಮಜ್ಜಿಗಿ ಹಾಕು ಅಂತ ಬಡ್ಕೊಂಡು ಬಡ್ಕೊಂಡು ಸಾಕಾತು. ನಿನಗ ಕಿವಿ ಅವನೋ ಇಲ್ಲೋ? ಮಜ್ಜಿಗಿ ಎಲ್ಲಾ ನೀನ ಕುಡದು ಕುಂತರ ಗಿಡಾ ಏನು ಕುಡೀಬೇಕು?"

ಅದೇ ಟಿವಿಯಲ್ಲಿ ಬಂತು. ಮರುದಿನ ಬಸವಕಲ್ಯಾಣದ ಪೇಟೆಯಲ್ಲಿ ಜನ ನಮ್ಮವರನ್ನು ನಿಲ್ಲಿಸಿ ಕೇಳಿದರಂತೆ, ಮುಂದಿನ ವಾರ ಸೊಸೆಗೆ ಏನು ಬೈತಾರೆ ಎಂದು. ಕಾರ್ಯಕ್ರಮದ ರೀತಿ ಅಲ್ಲಿಗೆ ಗಟ್ಟಿಯಾಯಿತು. ಸೊಸೆ ಕೇಳುವುದು, ಅತ್ತೆ ಬೈಯುವುದು, ಬೈಗುಳದ ನಡುವೆ ಗಿಡದ ಮದ್ದು. ನನ್ನ ಮುಖ ಯಾವತ್ತೂ ಪರದೆಯ ಮೇಲೆ ಬರಲಿಲ್ಲ, ದನಿ ಮಾತ್ರ. ತವರಿಗೆ ಹೋದಾಗ ಕಾಯಿಪಲ್ಯದವಳ ಹತ್ತಿರ ಮೆಂತೆ ಕೇಳಿದರೆ ಸಾಕು, ಆಕೆ ಕಣ್ಣರಳಿಸಿ, "ಅಯ್ಯ, ಬೈಸ್ಕೊಳ್ಳಾಕಿ ನೀವೇ ಏನ್ರಿ!" ಎನ್ನುತ್ತಿದ್ದಳು. ಎಂಥ ಕೀರ್ತಿ ನೋಡಿ ನನ್ನದು. ಅತ್ತೆ ಮಾತ್ರ ಎರಡೂ ಊರಿಗೆ 'ಹಿತ್ತಲ ಅವ್ವ' ಆದರು.

ಜನ ಬಾಡಿದ ಎಲೆ, ಹುಳು ತಿಂದ ಟೊಂಗೆ, ಬೂಸ್ಟು ಹಿಡಿದ ಬೇರು ಎಲ್ಲವನ್ನೂ ಹಾಳೆಯಲ್ಲಿ ಸುತ್ತಿ ವಿಡಿಯೊ ಅಂಗಡಿಗೆ ತಂದು ಕೊಡತೊಡಗಿದರು. ಮದುವೆ ಆಲ್ಬಮ್ಮು ನೋಡಲು ಬಂದವರು ಮೂಗು ಮುಚ್ಚಿಕೊಳ್ಳಬೇಕು, ಹಾಗೆ ಕೊಳೆತ ಎಲೆ ನಾರುತ್ತಿತ್ತು. ನಮ್ಮವರು ಸಂಜೆಯ ಬಸ್ಸಿನಲ್ಲಿ ಅದನ್ನೆಲ್ಲ ಚೀಲದಲ್ಲಿ ಹೊತ್ತು ತರುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಬಿಚ್ಚಿ, ಮೂಸಿ, ಕೆಲವೊಮ್ಮೆ ನಾಲಿಗೆಗೂ ಹಚ್ಚಿ ನೋಡಿ ಬೇರೆ ಬೇರೆ ಇಡುತ್ತಿದ್ದರು. ಆದರೆ ಅವರದ್ದೊಂದು ಕಟ್ಟಪ್ಪಣೆ ಇತ್ತು. ಒಣಗಿದ್ದನ್ನು ಟಿವಿಯಲ್ಲಿ ತೋರಿಸಕೂಡದು. ಕ್ಯಾಮೆರಾ ಯಾವಾಗಲೂ ಹಸಿರಿನ ಕಡೆಗೇ. "ಮುಂಜಾನೆ ಮುಂಜಾನೆ ಮಂದಿ ಮನ್ಯಾಗ ಒಣಗಿದ್ದು ತೋರಸ್ತಿಯೇನ?" ಎಂದು ಮಗನಿಗೇ ಗದರಿಸುತ್ತಿದ್ದರು.

ಫೋನಿನಲ್ಲಿ ಜನರು ನೇರವಾಗಿ ಮಾತಾಡುವ ಅನುಕೂಲ ಬಂದ ಮೇಲೆ ಒಂದು ಸಲ ಮನ್ನಾಏಖೇಳ್ಳಿಯಿಂದ ಒಬ್ಬ ಹೆಂಗಸು ಅಳುವ ದನಿಯಲ್ಲಿ, "ಅವ್ವಾ, ನನ್ನ ಗುಲಾಬಿ ಸತ್ತದ್ರಿ," ಎಂದಳು.

"ಹಂಗನಬ್ಯಾಡ!" ಅತ್ತೆ ಕೈ ಎತ್ತಿ ಆಕೆಯ ಬಾಯಿ ಮುಚ್ಚುವವರ ಹಾಗೆ ಮಾಡಿದರು. "ಹೆಚ್ಚಾಗ್ಯಾದ ಅನ್ನು. ಅನ್ನು ಮೊದಲ."

"ಹೆಚ್ಚಾಗ್ಯಾದ್ರಿ."

"ಹಾಂ. ಈಗ ಹೇಳು, ನೀರು ಎಷ್ಟು ಹಾಕ್ತಿದ್ದಿ?"

ಆಮೇಲೆ ಅದು ಎಲ್ಲರ ಬಾಯಲ್ಲೂ ಬಂತು. ಮುಡಬಿಯಿಂದ ಫೋನು ಮಾಡುವವರೂ, ಬಸವಕಲ್ಯಾಣದಲ್ಲಿ ಅಂಗಡಿಗೆ ಬರುವವರೂ, "ನಮ್ಮ ನಿಂಬಿ ಹೆಚ್ಚಾಗ್ಯಾದ್ರಿ, ನಮ್ಮ ದಾಸಾಳ ಹೆಚ್ಚಾಗ್ಯಾದ್ರಿ" ಎಂದೇ ಶುರು ಮಾಡುತ್ತಿದ್ದರು. ನಾನು ಅತ್ತೆಯನ್ನು ಎಷ್ಟೋ ಸಲ ಕಾಡಿದ್ದೇನೆ. "ಅತ್ತೀ, ಸತ್ತದ್ದಕ್ಕ ಸತ್ತದ ಅಂದರ ಏನಾಗ್ತದ್ರಿ?" ಅವರ ಉತ್ತರ ಯಾವತ್ತೂ ಒಂದೇ. "ನಮ್ಮವ್ವ ಹಂಗ ಕಲಿಸ್ಯಾಳ. ನಿನಗ ನಿಮ್ಮವ್ವ ಕಲಿಸಿಲ್ಲ, ಅದಕ್ಕ ಹಿಂಗ ಅದೀ." ತವರನ್ನು ನಡುವೆ ಎಳೆದು ತರದಿದ್ದರೆ ಅತ್ತೆಯಾದದ್ದಾದರೂ ಯಾಕೆ!

ವರ್ಷಗಳು ಹೋದವು. ದೊಡ್ಡ ಕ್ಯಾಮೆರಾ ಹೋಗಿ ಸಣ್ಣದು ಬಂತು, ಅದೂ ಹೋಗಿ ಮೊಬೈಲು ಬಂತು, ಹಿತ್ತಲಿನಿಂದಲೇ ನೇರ ಪ್ರಸಾರ ಶುರುವಾಯಿತು. ಕೇಬಲ್ಲಿಗೆ ಸೆಟ್‌ಟಾಪ್ ಡಬ್ಬಿ ಕೂತಿತು. ಹುಮನಾಬಾದಿನ ಧಾನ್ಯಪೇಟೆಯ ಒಂದು ಬೀಜದ ಅಂಗಡಿಯ ಹೆಸರು ಪರದೆಯ ಕೆಳಗೆ ಓಡುತ್ತ ಇತ್ತು, ಆ ಅಂಗಡಿ ಮುಚ್ಚಿ ಬೇರೆ ಅಂಗಡಿಯ ಹೆಸರು ಓಡಿತು. ನನ್ನ ತಲೆಯಲ್ಲಿ ಬಿಳಿ ಕೂದಲು ಬಂದವು. ಭಾನುವಾರ ಬೆಳಿಗ್ಗೆ ನಾನು ಕೇಳುವುದು, ಅತ್ತೆ ಬೈಯುವುದು ಮಾತ್ರ ನಿಲ್ಲಲಿಲ್ಲ.

ಬಾವಿಯ ನೀರಿಗೆ ಮೊದಲು ವಾಸನೆ ಬಂದದ್ದು ಒಂದು ಮಳೆಗಾಲದ ಕೊನೆಯಲ್ಲಿ. ದವಾಖಾನೆಯೊಳಗೆ ಕಾಲಿಟ್ಟಾಗ ಮೂಗಿಗೆ ಬಡಿಯುತ್ತದಲ್ಲ, ಆ ವಾಸನೆ. ಕೊಡದಲ್ಲಿ ಒಂದು ಹೊತ್ತು ಇಟ್ಟರೆ ಅಂಚಿಗೆ ಹಳದಿ ಗೆರೆ ಕೂರುತ್ತಿತ್ತು. ಯಾರ ಗೇಟಿನಿಂದ ಏನು ಹರಿದು ಬಂತೋ ನಾನು ಹೇಳಲಾರೆ. ಆ ರಸ್ತೆಯಲ್ಲಿ ಗೇಟುಗಳು ಬೇಕಾದಷ್ಟಿವೆ. ನನಗೆ ಗೊತ್ತಿರುವುದು ನಮ್ಮ ಹಿತ್ತಲು ಮಾತ್ರ. ಮೊದಲು ಪುಂಡಿಪಲ್ಯದ ಮಡಿ ಹೋಯಿತು. ಆಮೇಲೆ ಮಲ್ಲಿಗೆ. ಆಮೇಲೆ ದಾಸವಾಳ, ಎಲೆಯ ಅಂಚು ಸುಟ್ಟ ಹಾಗಾಗಿ. ನಾನು ಮೊದಲು ಬೈಸಿಕೊಳ್ಳಲು ಕಾರಣವಾಗಿದ್ದ ಆ ಕರಿಬೇವು ಬುಡದಿಂದ ಕಪ್ಪಾಯಿತು. ಅತ್ತೆ ಮಜ್ಜಿಗೆ ಹಾಕಿದರು, ಬೂದಿ ಹಾಕಿದರು, ಮಣ್ಣು ತೆಗೆದು ಬೇರೆ ಮಣ್ಣು ತುಂಬಿಸಿದರು. ಊರಿಗೆಲ್ಲ ಮದ್ದು ಹೇಳಿದವರಿಗೆ ತಮ್ಮ ಮನೆಯ ಗಿಡಕ್ಕೆ ಮದ್ದು ಸಿಗಲಿಲ್ಲ. ಒಂದು ದಿನ ಬಾವಿಕಟ್ಟೆಯ ಮೇಲೆ ಕೂತು, ಯಾರನ್ನೋ ಹೂಳಿ ಬಂದವರ ಹಾಗೆ ಎರಡೂ ಕೈಯ ಮಣ್ಣು ನೋಡುತ್ತಿದ್ದರು.

ಕಾರ್ಯಕ್ರಮ ಆಗಲೂ ನಡೆದೇ ಇತ್ತು. ನಮ್ಮವರು ಉಳಿದ ಹಸಿರಿನ ಮೂಲೆಗೆ ಅತ್ತೆಯನ್ನು ಕೂರಿಸುತ್ತಿದ್ದರು, ಆ ಮೂಲೆ ವಾರದಿಂದ ವಾರಕ್ಕೆ ಸಣ್ಣದಾಗುತ್ತ ಹೋಯಿತು. ಒಂದು ಭಾನುವಾರ, ಕೊನೆಗೆ ಉಳಿದಿದ್ದ ಲೋಳೆಸರದ ಮುಂದೆ ಕೂತು ಅತ್ತೆ ಜನರಿಗೆ ಎಚ್ಚರ ಹೇಳಿದರು. ತಾವು ಹೇಳಬಲ್ಲ ಮಾತಿನಲ್ಲೇ ಹೇಳಿದರು. "ಹುಷಾರ್ರಿ ಯವ್ವಾ. ಈ ಬಾವಿ ನೀರು ಹಾಕಿದ ಮ್ಯಾಲ ನಮ್ಮ ಗಿಡಾ ಎಲ್ಲಾ ಹೆಚ್ಚಾಗ್ಯಾವ ನೋಡ್ರಿ."

ಓಣಿಯವರಿಗೆಲ್ಲ ಅರ್ಥವಾಯಿತು. ಅರ್ಥವಾದರೇನು? ಓಣಿಗೆ ಬೇರೆ ನೀರಿಲ್ಲ. ನಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎದುರು ಮನೆಯಾಕೆ, ದಿನಾ ಮೊದಲ ಕೊಡ ಸೇದುವವಳು, ತನ್ನ ಕೈ ತೋರಿಸಿದಳು. ಬೆರಳ ಸಂದಿಯಲ್ಲೆಲ್ಲ ಗುಳ್ಳೆ ಒಡೆದು ಕೀವಾಗಿತ್ತು. ಎಲ್ಲರೂ ಸೇರಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಕೇಳಿದ್ದು ಇಷ್ಟೇ. ನೀರು ಕೆಟ್ಟಿದೆ ಎಂದು ಬರೆದುಕೊಡಿ, ಓಣಿಗೆ ಟ್ಯಾಂಕರ್ ಕಳಿಸಿ. ಬರೆದರೆ ಟ್ಯಾಂಕರ್ ಬರುತ್ತದೆ, ಬರೆಯದಿದ್ದರೆ ಎಲ್ಲರಿಗೂ ಇದೇ ಬಾವಿ. ಅಲೆದಾಡಿ ಚಪ್ಪಲಿ ಸವೆದ ಮೇಲೆ ಒಬ್ಬ ಸಾಹೇಬರು ಬಾವಿ ನೋಡಲು ಬಂದರು.

ಸಾಹೇಬರು ಒಳ್ಳೆಯವರೇ. ಸಣ್ಣ ವಯಸ್ಸು, ಬೇರೆ ರಾಜ್ಯದವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಬಂದವರೇ ಅತ್ತೆಗೆ ಕೈ ಮುಗಿದರು. ಅವರ ಜೊತೆ ಒಂದು ಕಾರ್ಖಾನೆಯ ಪರವಾಗಿ ಇಸ್ತ್ರಿ ಅಂಗಿಯವನೊಬ್ಬ ಬಂದಿದ್ದ. ಅವನು ಮುಡಬಿ ಕಡೆಯವನು, ನಮ್ಮ ಮಾತೇ ಆಡುವವನು. ಅತ್ತೆ ಅತಿಥಿಗೆ ಈ ಬಾವಿಯ ನೀರು ಹೇಗೆ ಕೊಡುವುದೆಂದು ಒಂದು ಹನಿ ನೀರು ಹಾಕದೆ ಬರೀ ಹಾಲಿನಲ್ಲಿ ಚಹಾ ಕುದಿಸಿ ಕೊಟ್ಟರು. ಸಾಹೇಬರು ಗುಟುಕರಿಸಿ, "ಚಹಾ ಬಹಳ ಚೆನ್ನಾಗಿದೆ ಅಮ್ಮಾ. ನೀರಿನಲ್ಲಿ ಏನೂ ದೋಷ ಕಾಣುವುದಿಲ್ಲ," ಎಂದರು. ಅಯ್ಯೋ ಶಿವನೇ ಎಂದುಕೊಂಡೆ ನಾನು.

ಆಗ ಆ ಇಸ್ತ್ರಿ ಅಂಗಿಯವನು ಜೇಬಿನಿಂದ ಮೊಬೈಲ್ ತೆಗೆದ. ನಮ್ಮ ಕಾರ್ಯಕ್ರಮದ ಆ ತುಣುಕು. ಮೊದಲಿನ 'ಹುಷಾರ್ರಿ' ಕತ್ತರಿಸಿ ಹೋಗಿತ್ತು. ಅತ್ತೆ ಹಸಿರು ಲೋಳೆಸರದ ಮುಂದೆ ಕೂತು ಹೇಳುತ್ತಿದ್ದರು, "ಈ ಬಾವಿ ನೀರು ಹಾಕಿದ ಮ್ಯಾಲ ನಮ್ಮ ಗಿಡಾ ಎಲ್ಲಾ ಹೆಚ್ಚಾಗ್ಯಾವ ನೋಡ್ರಿ."

"ಇದನ್ನು ಹೇಳಿದವರು ನೀವೇ ಅಲ್ಲವೇ ಅಮ್ಮಾ?" ಸಾಹೇಬರು ಕೇಳಿದರು.

"ಹೌದ್ರಿ," ಎಂದರು ಅತ್ತೆ.

"ಗಿಡಗಳು ಹೆಚ್ಚಾಗಿವೆ ಎಂದು."

"ಹೌದ್ರಿ ಸಾಹೇಬ್ರ. ಎಲ್ಲಾ ಹೆಚ್ಚಾಗ್ಯಾವ್ರಿ. ಒಂದೂ ಉಳದಿಲ್ರಿ."

"ಉಳಿದಿಲ್ಲ ಎಂದರೆ? ಈಗ ಬೇಸಿಗೆಯಲ್ಲವೇ, ಒಣಗುವುದು ಸಹಜ," ಎಂದು ಅವರು ಸುತ್ತ ನೋಡಿದರು. ಆ ಮುಡಬಿಯವನು ತುಟಿ ಬಿಚ್ಚಲಿಲ್ಲ. ಅವನ ತಾಯಿಯ ಬಳೆ ಎಷ್ಟು ಸಲ ಹೆಚ್ಚಾಗಿರಲಿಕ್ಕಿಲ್ಲ! ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನೆ ನಿಂತಿದ್ದ. ಅವನ ಆ ನಿಂತ ನಿಲುವನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ನನಗೆ ರಕ್ತ ಕುದಿಯಿತು. ಮುಂದೆ ಬಂದು ಕೂಗಿದೆ. "ಸಾಹೇಬ್ರ, ಹೆಚ್ಚಾಗ್ಯಾವ ಅಂದ್ರ ಬೆಳದಾವ ಅಂತ ಅಲ್ರಿ. ಗಿಡಾ ಎಲ್ಲಾ ಸತ್ತಾ..."

ಮಾತು ಮುಗಿಯಲಿಲ್ಲ. ಅತ್ತೆ ಎದ್ದು ಬಂದು ನನ್ನ ಬಾಯಿಯ ಮೇಲೆ ಕೈ ಇಟ್ಟು ಒತ್ತಿದರು. "ಸುಮ್ನಿರು! ಬಾವಿ ಮುಂದ ನಿಂತು ಅಂಥಾ ಮಾತು ಆಡ್ತಿಯೇನ?" ಎಷ್ಟು ಬಲವಾಗಿ ಒತ್ತಿದರೆಂದರೆ ಅವರ ಬೆಳ್ಳಿ ಉಂಗುರ ನನ್ನ ತುಟಿಗೆ ತಾಕಿ ರಕ್ತ ಬಂತು.

ಸಾಹೇಬರ ಕಣ್ಣಿಗೆ ಕಂಡದ್ದು ಇಷ್ಟು. ಸೊಸೆ ಏನೋ ಸುಳ್ಳು ಹೇಳಹೊರಟಳು, ಹಿರಿಯರು ತಡೆದರು. ಅವರು ಅತ್ತೆಯ ಕಡೆ ಗೌರವದಿಂದ ನೋಡಿ ಏನೋ ಬರೆದುಕೊಂಡರು. ಬಾಟಲಿಯಲ್ಲಿ ಒಂದಿಷ್ಟು ನೀರು ತುಂಬಿಸಿಕೊಂಡು ಹೋದರು. ಆ ಬಾಟಲಿಯ ಸುದ್ದಿ ಇವತ್ತಿಗೂ ಬಂದಿಲ್ಲ. ಬರೆದುಕೊಂಡದ್ದರ ಸುದ್ದಿ ಮಾತ್ರ ಬೇಗ ಬಂತು. ಗಿಡಗಳು ಹೆಚ್ಚಾಗಿವೆ ಎಂದು ಮನೆಯ ಯಜಮಾನಿಯೇ ಹೇಳಿದ್ದಾರೆ, ಆದ್ದರಿಂದ ಟ್ಯಾಂಕರಿನ ಅಗತ್ಯ ಕಂಡುಬರುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆಡದ ಮಾತೇ ಕುತ್ತಿಗೆಗೆ ಬಂತು. ಆ ದಿನ ನಾನು ಅತ್ತೆಯ ಮೇಲೆ ಹರಿಹಾಯ್ದೆ. "ನಿಮ್ಮ ಹೆಚ್ಚಾಗ್ಯಾವ ಹೆಚ್ಚಾಗ್ಯಾವ ಅಂಬೋದು ಓಣಿಗಿ ಮುಳುವಾತು ಅತ್ತೀ. ಒಂದು ಸಲ, ಒಂದೇ ಸಲ ಖರೆ ಮಾತು ಅಂದಿದ್ದರ ಬಾಯಿಗಿ ಏನು ಹುಳಾ ಬೀಳ್ತಿದ್ದುವೇನ್ರಿ?" ಯಾವತ್ತೂ ಒಂದಕ್ಕೆ ನಾಲ್ಕು ಬೈಯುವ ಅತ್ತೆ ಆ ದಿನ ತಿರುಗಿ ಬೈಯಲಿಲ್ಲ. ನನ್ನ ತುಟಿಗೆ ಅರಿಸಿನ ಹಚ್ಚಿ ಒಳಗೆ ಹೋದರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಮರುದಿನ ಬೆಳಿಗ್ಗೆ ಎದುರು ಮನೆಯಾಕೆ ಬಾವಿಗೆ ಬಂದಳು. ಒಂದಿಷ್ಟು ದಿನ ಅವಳು ಕುಡಿಯಲು ಈ ನೀರು ಒಯ್ಯುತ್ತಿರಲಿಲ್ಲ, ದೂರದ ಬೋರ್‌ವೆಲ್ಲಿನಿಂದ ಬೇಡಿ ತರುತ್ತಿದ್ದಳು. ಆ ದಿನ ಕುಡಿಯುವ ತಾಮ್ರದ ಕೊಡವನ್ನೇ ತಂದಿದ್ದಳು. ಅತ್ತೆ ಕೇಳಿದರು, "ಯಾಕವಾ, ಇದರಾಗ ತುಂಬಾಕತ್ತಿ?"

ಆಕೆ ಹಗ್ಗ ಬಿಡುತ್ತ ಹೇಳಿದಳು. "ಹೆಚ್ಚಾಗ್ಯಾವ ಅಂದ್ರ ಏನಂತ ನನಗ ಗೊತ್ತಿಲ್ಲೇನ್ರಿ ಅವ್ವಾ? ಆದರ ನಮ್ಮನ್ಯಾವ್ರು ಕೇಳಂಗಿಲ್ಲ. ನೀರು ಖರೇನ ಕೆಟ್ಟಿದ್ದರ ಅವ್ವ ಸಾಹೇಬ್ರ ಮುಂದ ಸಾಫ್ ಹೇಳ್ತಿದ್ದಳು, ಸೊಸಿ ಬಾಯಿ ಯಾಕ ಮುಚ್ಚತಿದ್ದಳು ಅಂತಾರ. ದೂರದಿಂದ ಹೊತ್ತು ನನಗೂ ಸೊಂಟ ಹೋಗ್ಯಾದ್ರಿ."

ಆ ವಾರವಿಡೀ ಅತ್ತೆ ತುಳಸಿಕಟ್ಟೆಯ ಹತ್ತಿರ ನಿಂತು ಬಾಯಿ ಅಲ್ಲಾಡಿಸುವುದನ್ನು ನೋಡಿದೆ. ಜಪ ಎಂದುಕೊಂಡೆ. ಹತ್ತಿರ ಹೋದರೆ ದನಿಯೇ ಇರಲಿಲ್ಲ. ಒಂದು ಅಕ್ಷರವನ್ನು ಹೊರಗೆ ತರಲು ನೋಡುತ್ತಿದ್ದರು, ಅದು ಬರುತ್ತಿರಲಿಲ್ಲ. ಹಿಂದಿನ ಸಿಟ್ಟೆಲ್ಲ ಇಳಿದು, "ಬಿಡ್ರಿ ಅತ್ತೀ, ನಾನ ಹೇಳ್ತೀನಿ," ಎಂದೆ.

"ನಿನ್ನ ಮಾತು ಯಾರು ನಂಬ್ತಾರ? ನೀ ಬೈಸ್ಕೊಳ್ಳಾಕಿ," ಎಂದರು. ಅದು ನಗೆಯಾಡಿದ್ದಲ್ಲ.

ಭಾನುವಾರ ಬೆಳಿಗ್ಗೆ ನಮ್ಮವರು ಮೊಬೈಲು ಹಿಡಿದು ಹಸಿರು ಹುಡುಕುತ್ತಿದ್ದರು. ಲೋಳೆಸರವೂ ಮೆತ್ತಗಾಗಿ ಮಲಗಿತ್ತು. ಅತ್ತೆ ಬಂದು ತುಳಸಿಕಟ್ಟೆಯ ಪಕ್ಕ ನಿಂತರು. ತುಳಸಿ ಎಂದೋ ಕಡ್ಡಿಯಾಗಿತ್ತು. ನಾವು ಯಾರೂ ಅದರ ಬಗ್ಗೆ ಮಾತೆತ್ತಿರಲಿಲ್ಲ, ಅತ್ತೆ ದಿನಾ ಆ ಕಡ್ಡಿಗೇ ಕುಂಕುಮ ಹಚ್ಚುತ್ತಿದ್ದರು.

"ಇಲ್ಲಿ ತೋರಸು," ಎಂದರು ಮಗನಿಗೆ.

"ಯವ್ವಾ, ಅದು ಒಣಗ್ಯಾದಲ್ಲ..."

"ಅದನ್ನ ತೋರಸು ಅಂದೆ."

ನಾನು ಎಂದಿನ ಹಾಗೆ ಹಿಂದಿನಿಂದ ಕೇಳಬೇಕಿತ್ತು. ಅತ್ತೆ ನಾನು ಕೇಳುವುದಕ್ಕೆ ಕಾಯಲಿಲ್ಲ. ಆ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೇರ ಕ್ಯಾಮೆರಾ ನೋಡಿದರು.

"ಇದು ಸತ್ತದ," ಎಂದರು. ಒಂದು ಉಸಿರು ತೆಗೆದುಕೊಂಡರು. "ತುಳಸಿ ಸತ್ತದ. ಕರಿಬೇವು ಸತ್ತದ. ಗಿಡಾ ಎಲ್ಲಾ ಸತ್ತಾವ. ಬಾವಿ ಸತ್ತದ. ಯಾರೂ ಈ ನೀರು ಕುಡೀಬ್ಯಾಡ್ರಿ."

ಅಷ್ಟೇ. ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ನಮ್ಮವರ ಕೈ ಮೊಬೈಲು ಹಿಡಿದೇ ಇತ್ತು. ಬರೀ ಬಾವಿಯ ರಾಟೆ ಪರದೆಯ ಮೇಲೆ ಎಷ್ಟೋ ಹೊತ್ತು ಕಾಣುತ್ತಿತ್ತಂತೆ. 'ಹಿತ್ತಲ' ಕಾರ್ಯಕ್ರಮ ಆ ದಿನಕ್ಕೆ ಮುಗಿಯಿತು. ಮುಂದೆ ಯಾರೂ ಅದನ್ನು ಕೇಳಲಿಲ್ಲ, ನಾವೂ ಮಾಡಲಿಲ್ಲ.

ಬೈಗುಳದ ಫೋನು ಬರುತ್ತದೆಂದು ನಾನು ಕಾದೆ. ಒಂದೂ ಬರಲಿಲ್ಲ. ಓಣಿಯಲ್ಲಿ ಕೊಡದ ಸದ್ದಿಲ್ಲ, ಯಾರೂ ಸಂದಿಯಿಂದ ಬರಲಿಲ್ಲ. ನನಗೆ ಒಲೆ ಹಚ್ಚುವ ಮನಸ್ಸಾಗಲಿಲ್ಲ, ಅತ್ತೆಯೂ ಹಚ್ಚು ಎನ್ನಲಿಲ್ಲ.

ಊಟದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಮುಂದಿನ ಬಾಗಿಲು. ನಾನು ಈ ಮನೆಗೆ ಬಂದಾಗಿನಿಂದ ಓಣಿಯವರು ಯಾರೂ ತಟ್ಟದ ಬಾಗಿಲು. ತೆರೆದರೆ ಓಣಿಯ ಹೆಂಗಸರೆಲ್ಲ ನಿಂತಿದ್ದರು, ಎದುರು ಮನೆಯಾಕೆ ಎಲ್ಲರಿಗಿಂತ ಮುಂದೆ. ತಲೆ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಒಳಗೆ ಬಂದು ಅತ್ತೆಯ ಸುತ್ತ ಗೋಡೆಗೆ ಒರಗಿ ಕೂತರು. ನನಗೆ ಆಗ ತಿಳಿಯಿತು. ಸಾವಾದ ಮನೆಗೆ ಬಂದಿದ್ದರು. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ರೊಟ್ಟಿ ಬಡಿದು ತರುವ ಪದ್ಧತಿ ನಮ್ಮದು. ಸತ್ತದ ಎಂಬ ಮಾತು ಆ ಬಾಯಿಂದ ಬಿದ್ದ ಮೇಲೆ ಅವರಿಗೆ ಬೇರೆ ಯಾವ ಕಾಗದವೂ ಬೇಕಿರಲಿಲ್ಲ. ಸಾಹೇಬರಿಗೆ ಹೇಳಿ ಹೇಳಿ ತಿಳಿಯದ್ದು ಇವರಿಗೆ ಒಂದೇ ಮಾತಿಗೆ ತಿಳಿದಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದೆ.

ಎದುರು ಮನೆಯಾಕೆ ಬುಟ್ಟಿಯ ಬಟ್ಟೆ ಸರಿಸಿದಳು. ಜೋಳದ ರೊಟ್ಟಿ, ಝುಣಕ. ಒಂದು ರೊಟ್ಟಿ ತೆಗೆದು ಅತ್ತೆಯ ಕೈಗಿಟ್ಟಳು. ರೊಟ್ಟಿಯ ಜೊತೆ ಅವಳ ಬೆರಳಿನ ಹುಣ್ಣು ಕಂಡಿತು.

ಅತ್ತೆ ರೊಟ್ಟಿಯನ್ನು ಮೂಗಿನ ಹತ್ತಿರ ಒಯ್ದರು. ಬಾಡಿದ ಎಲೆಗಳನ್ನು ಮೂಸುತ್ತಿದ್ದರಲ್ಲ, ಹಾಗೆಯೇ ಮೂಸಿದರು.

"ಯಾವ ನೀರಾಗ ನಾದೀರಿ?" ಎಂದು ಕೇಳಿದರು.

ಎದುರು ಮನೆಯಾಕೆ ತಲೆ ತಗ್ಗಿಸಿ ಹೇಳಿದಳು. "ಮುಂಜಾನೆ ನೀವು ಹೇಳೂಕಿಂತ ಮೊದಲ ಸೇದಿದ್ದೆ. ಬ್ಯಾರೆ ನೀರು ಎಲ್ಲಿ ಅದಾವ, ಅವ್ವಾ?"

ಸತ್ತ ಮನೆಗೆ ಬಂದ ರೊಟ್ಟಿಯನ್ನು ತಿರುಗಿ ಕಳಿಸಬಾರದು. ಅತ್ತೆ ಅದನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗೆ ಕೊಟ್ಟರು. ರೊಟ್ಟಿಯಲ್ಲಿ ದವಾಖಾನೆಯ ವಾಸನೆ ಇತ್ತು. ಅವರು ಪೂರ್ತಿ ತಿಂದರು. ನಾನೂ ತಿಂದೆ. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಅಂಥ ಮನೆಯಿಂದ ಹೊರಡುವಾಗ ಮಾಡುವ ಹಾಗೆ, ಯಾರೂ 'ಬರ್ತೀನಿ' ಎನ್ನದೆ ಹೊಸ್ತಿಲು ದಾಟಿದರು.